ಈ ಸಲ ಯಾರು? ಬೋಡಿನಾಯಕನೂರಿನಿಂದ ತಂದ ಒಂದು ಉತ್ತರ

ಭವಿಷ್ಯ ಹೇಳುವುದು ನಮ್ಮ ಕಸುಬಲ್ಲ. ನಮ್ಮದು ಪಾಠ ಹೇಳುವ ಕೆಲಸ. ಆದರೂ ಫುಟ್‌ಬಾಲಿನ ಹೊಸ ಋತು ಹತ್ತಿರವಾಯಿತೆಂದರೆ ಕನ್ನಡ ಶಾಲೆಯ ಅಧ್ಯಾಪಕನಿಗೂ ಜ್ಯೋತಿಷ್ಯ ಹೇಳುವ ಪ್ರಸಂಗ ಬಂದೇ ಬರುತ್ತದೆ. "ಸಾರ್, ಈ ಸಲ ಯಾರು?" ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹೇಳದಿದ್ದರೆ ಸಾರ್‌ಗೆ ಏನೂ ಗೊತ್ತಿಲ್ಲ ಎಂದಾಯಿತು. ಹೇಳಿದರೆ ತರಗತಿಯ ಅರ್ಧ ಭಾಗ ಮುಖ ಸಿಂಡರಿಸುತ್ತದೆ. ಹಿಂದಿನ ಬೆಂಚಿನ ಹುಡುಗರು ಕೊಚ್ಚಿಯ ಬ್ಲಾಸ್ಟರ್ಸ್ ಪಕ್ಷ, ಮುಂದಿನ ಬೆಂಚಿನ ಮೂವರು ಬೆಂಗಳೂರಿನ ಪಕ್ಷ, ಎಲ್ಲೋ ಒಬ್ಬ ಮೋಹನ್ ಬಾಗಾನ್.

ಶಾಲೆಯಲ್ಲಿ ಇದು ತಮಾಷೆ. ಮನೆಗಳಲ್ಲಿ ಹಾಗಲ್ಲ. ನಮ್ಮ ಜಿಲ್ಲೆಯ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ರಕ್ಷಕರ ಸಭೆ ಮುಗಿದ ಮೇಲೆ ಒಬ್ಬ ತಂದೆ ನಮ್ಮನ್ನು ಬದಿಗೆ ಕರೆದು, "ಹುಡುಗ ಹಳದಿ ಅಂಗಿ ತೊಟ್ಟು ತಿರುಗುತ್ತಾನೆ ಮಾಷ್ಟ್ರೇ, ಮನೆಯಲ್ಲಿ ನಾವು ಕನ್ನಡದವರು. ಇವ ನಾಳೆ ಯಾರವನಾಗುತ್ತಾನೋ" ಎಂದರು. ಅವರ ದನಿಯಲ್ಲಿ ನಿಜವಾದ ಕಳವಳವಿತ್ತು. ನಮಗೆ ನಗು ಬರಲಿಲ್ಲ. ಏಕೆಂದರೆ ಅದೇ ಕಳವಳವನ್ನು ನಾವು ನಮ್ಮ ಮನೆಯಲ್ಲಿ ಅದಕ್ಕಿಂತ ಒರಟಾಗಿ ತೋರಿಸಿದವರು. ಹೊಸ ಋತುವಿನ ಭವಿಷ್ಯವನ್ನು ಹೇಳುವ ಮೊದಲು ಆ ಕಥೆಯನ್ನು ಒಪ್ಪಿಸಿಬಿಡುವುದು ನ್ಯಾಯ.

ಹಳದಿ ಅಂಗಿಯ ಜಗಳ

2023ರ ಮಾರ್ಚ್ 3. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ.ಗೂ ಕೇರಳ ಬ್ಲಾಸ್ಟರ್ಸ್‌ಗೂ ನಾಕೌಟ್ ಪಂದ್ಯ. ನಿಗದಿತ ಸಮಯದಲ್ಲಿ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಆಟಗಾರರು ಗೋಡೆ ಕಟ್ಟುವುದಕ್ಕೆ ಮುನ್ನವೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲೆಂದರು. ಬ್ಲಾಸ್ಟರ್ಸ್ ತರಬೇತುದಾರರು ತಂಡವನ್ನು ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು. ಮುಂದೆ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಇದೆಲ್ಲ ಓದುಗರಿಗೆ ತಿಳಿದದ್ದೇ.

ತಿಳಿಯದ್ದು ನಮ್ಮ ಮನೆಯಲ್ಲಿ ನಡೆದದ್ದು. ಆಗ ಏಳನೆಯ ತರಗತಿಯಲ್ಲಿದ್ದ ನಮ್ಮ ಮಗ ಹಳದಿ ಅಂಗಿ ತೊಟ್ಟು ಟಿ.ವಿ. ಮುಂದೆ ಅಳುತ್ತಿದ್ದ. ಸಮಾಧಾನ ಹೇಳಬೇಕಾದ ನಾವು, "ಕನ್ನಡದವರ ತಂಡ ಗೆದ್ದರೆ ಅಳುವವನು ಕನ್ನಡದವನೇ? ಆ ಅಂಗಿ ತೆಗೆ ಮೊದಲು" ಎಂದೆವು. ಹುಡುಗ ಅಂಗಿ ತೆಗೆಯಲಿಲ್ಲ. ಎರಡು ದಿನ ಮಾತನ್ನೂ ಆಡಲಿಲ್ಲ. ಮೂರನೆಯ ದಿನ ತಾಯಿಯ ಹತ್ತಿರ ಹೋಗಿ, "ಎಂಟಕ್ಕೆ ನನಗೆ ಕನ್ನಡ ಮಾಧ್ಯಮ ಬೇಡ" ಎಂದ.

ಇಪ್ಪತ್ತು ವರ್ಷದಿಂದ ಊರಿನ ಮನೆಮನೆಗೆ ಹೋಗಿ "ಮಕ್ಕಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಿ" ಎಂದು ಕೇಳಿಕೊಂಡು ಬಂದವರ ಮನೆಯಲ್ಲಿ ಈ ಮಾತು! ನಮ್ಮ ಮನೆಯವರು ಪಂಚಾಯತಿಗೆ ಮಾಡಿದರು. ಅಂಗಿಯೂ ಇರಲಿ, ಕನ್ನಡ ಮಾಧ್ಯಮವೂ ಇರಲಿ ಎಂದು ತೀರ್ಮಾನವಾಯಿತು. ಹುಡುಗ ಒಪ್ಪಿದ. ನಾವೂ ಬಾಯಲ್ಲಿ ಒಪ್ಪಿದೆವು. ಆದರೆ ಮನಸ್ಸಿನೊಳಗೆ ಆ ಹಳದಿ ಬಣ್ಣ ಚುಚ್ಚುವುದು ನಿಂತಿರಲಿಲ್ಲ. ಅದು ನಿಂತದ್ದು ಮರುವರ್ಷ, ಬೋಡಿನಾಯಕನೂರಿನಲ್ಲಿ.

ಬೋಡಿಯ ಮನೆ

2024ರ ಓಣಂ ರಜೆಯಲ್ಲಿ ನಾವು ಸಂಸಾರ ಸಮೇತ ಹೊರಟೆವು. ಶುಕ್ರವಾರ ರಾತ್ರಿಯ ರೈಲು, ಆಲುವಾದಲ್ಲಿ ಇಳಿದು ಬಸ್ಸು, ಮುನ್ನಾರಿನ ಚಹಾ ತೋಟಗಳನ್ನು ದಾಟಿ ಬೋಡಿಮೆಟ್ಟಿನ ತಿರುವುಗಳಲ್ಲಿ ಇಳಿದರೆ ತಮಿಳುನಾಡು. ಮೇಲೆ ಚಳಿ, ಕೆಳಗೆ ಸೆಕೆ. ಬೆಟ್ಟದ ಬುಡದಲ್ಲಿ ಬೋಡಿ. ಇಡುಕ್ಕಿಯ ಬೆಟ್ಟಗಳ ಏಲಕ್ಕಿ ಹರಾಜಾಗುವ ಪೇಟೆ ಅದು. ಮಧುರೆಯಿಂದ ಬರುತ್ತಿದ್ದ ರೈಲು ಹಳಿ ಅಗಲ ಮಾಡುವ ಕೆಲಸಕ್ಕಾಗಿ ನಿಂತು, ಹನ್ನೆರಡು ವರ್ಷದ ಮೇಲೆ 2023ರ ಜೂನ್‌ನಲ್ಲಿ ಮತ್ತೆ ಬಂದಿದೆ. ನಮ್ಮೂರಿನ ಕರಿಮೆಣಸಿನ ವ್ಯಾಪಾರಿಯೊಬ್ಬರ ಮೂಲಕ ಪರಿಚಯವಾಗಿದ್ದ ಒಬ್ಬ ಏಲಕ್ಕಿ ವ್ಯಾಪಾರಿಯ ಮನೆಯಲ್ಲಿ ಇಳಿದುಕೊಂಡೆವು.

ಅವರು ಕನ್ನಡ ಮಾತಿನವರು. ಓದುಗರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ತೇನಿ ಜಿಲ್ಲೆಯ ಕಂಬಂ, ಬೋಡಿ ಮೊದಲಾದ ಕಡೆ ಶತಮಾನಗಳ ಹಿಂದೆ ಬಂದು ನೆಲಸಿದ ಒಕ್ಕಲಿಗ ಕಾಪಿಲಿಯರು ಮನೆಯಲ್ಲಿ ಇಂದಿಗೂ ಕನ್ನಡ ಆಡುತ್ತಾರೆ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲೇ ಮಧುರೆ, ತಿರುನೆಲ್ವೇಲಿ ಜಿಲ್ಲೆಗಳ ಕನ್ನಡ ಮಾತಿನ ರೈತರೆಂದು ಅವರ ಪ್ರಸ್ತಾಪವಿದೆ. ಆ ಕನ್ನಡ ನಮ್ಮ ಪಠ್ಯಪುಸ್ತಕದ ಕನ್ನಡವಲ್ಲ. ತಮಿಳಿನ ಉಸಿರು ಸೇರಿದ, ಎಷ್ಟೋ ಹಳೆಯ ಮಾತುಗಳನ್ನು ಉಳಿಸಿಕೊಂಡ ಮನೆಮಾತು. ಮೊದಲ ಅರ್ಧ ಗಂಟೆ ಎರಡೂ ಕಡೆ ತಡವರಿಕೆ. ಆಮೇಲೆ ಕಿವಿ ಹೊಂದಿಕೊಂಡಿತು. ಮನೆಯ ಹಿರಿಯಜ್ಜಿ ನಮ್ಮ ಮನೆಯವರ ಕೈ ಹಿಡಿದುಕೊಂಡು ಕೂತವರು ಬಿಡಲೇ ಇಲ್ಲ.

ಆ ಮನೆಯಲ್ಲಿ ಕನ್ನಡ ಅಕ್ಷರ ಒಂದೂ ಇರಲಿಲ್ಲ. ಕ್ಯಾಲೆಂಡರು ತಮಿಳು, ಪತ್ರಿಕೆ ತಮಿಳು, ಮದುವೆಯ ಕರೆಯೋಲೆ ತಮಿಳು. ಶಾಲೆಯೂ ತಮಿಳೋ ಇಂಗ್ಲಿಷೋ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಲ್ಲಿ ಬದುಕುವವರು ಅಲ್ಲಿಯ ಭಾಷೆ ಓದಿದ್ದಾರೆ, ಚೆನ್ನಾಗಿಯೇ ಓದಿದ್ದಾರೆ. ಆದರೆ ತಲೆಮಾರುಗಳಿಂದ ನಾಲಗೆಯಲ್ಲಿ ಉಳಿದ ಭಾಷೆಗೆ ಕೈಯಲ್ಲಿ ಗುರುತಿಲ್ಲ.

ಕ್ಯಾಲೆಂಡರಿನ ಬೆನ್ನಿನ ಮೇಲೆ

ಅಂದು ಸೆಪ್ಟೆಂಬರ್ 14, ಶನಿವಾರ. ಇಂಡಿಯನ್ ಸೂಪರ್ ಲೀಗಿನ ಹೊಸ ಋತು ಹಿಂದಿನ ದಿನವಷ್ಟೇ ಆರಂಭವಾಗಿತ್ತು. ಅಂದಿನ ಸಂಜೆ ಕಂಠೀರವದಲ್ಲಿ ಬೆಂಗಳೂರಿಗೂ ಈಸ್ಟ್ ಬೆಂಗಾಲಿಗೂ ಪಂದ್ಯ. ವ್ಯಾಪಾರಿಯ ಮೊಮ್ಮಗ, ಕಾಲೇಜಿಗೆ ಹೋಗುವ ಹುಡುಗ, ಗೆಳೆಯರಿಬ್ಬರನ್ನು ಕರೆತಂದಿದ್ದ. ನಮ್ಮ ಮಗ ಹಳದಿ ಅಂಗಿಯಲ್ಲೇ ಬಂದಿದ್ದ. ಪಂದ್ಯಕ್ಕೆ ಮೊದಲು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿನ ಮೇಲೆ ಹದಿಮೂರು ತಂಡಗಳ ಪಟ್ಟಿ ಬರೆದು, ಯಾರು ಯಾವ ಸ್ಥಾನ ಎಂದು ಭವಿಷ್ಯ ಹೇಳುವ ಆಟ ನಡೆಯಿತು.

ಮೊಮ್ಮಗ ಬೆಂಗಳೂರನ್ನು ಒಂದನೆಯ ಸ್ಥಾನದಲ್ಲಿಟ್ಟ. ಒಬ್ಬ ಗೆಳೆಯ ಚೆನ್ನೈಯಿನ್ ಎಂದ. ಇನ್ನೊಬ್ಬನ ತಂದೆ ಮುನ್ನಾರಿಗೆ ಲಾರಿ ಓಡಿಸುವವರು. ಆ ಬೆಟ್ಟಗಳ ಮೇಲೆ ತೋಟ ಕಾರ್ಮಿಕರ ತಂಡಗಳು 1940ರ ದಶಕದಿಂದ ಫಿನ್ಲೇ ಷೀಲ್ಡಿಗಾಗಿ ಆಡುತ್ತ ಬಂದಿವೆ. ಅಲ್ಲಿಯ ಗಾಳಿ ತಾಗಿದ ಆ ಹುಡುಗ ಬ್ಲಾಸ್ಟರ್ಸ್ ಪಕ್ಷ. ನಮ್ಮ ಮಗನಿಗೆ ಜೊತೆ ಸಿಕ್ಕಿತು. ಅವನು ಬ್ಲಾಸ್ಟರ್ಸನ್ನು ಒಂದರಲ್ಲಿಟ್ಟು, ನಮ್ಮ ಮುಖ ನೋಡಿಕೊಂಡೇ ಬೆಂಗಳೂರನ್ನು ಹದಿಮೂರರಲ್ಲಿಟ್ಟ. ನಾವು ಅಧ್ಯಾಪಕರ ಗತ್ತಿನಿಂದ ಹಿಂದಿನ ವರ್ಷದ ಅಂಕ ನೋಡಿ ಲೆಕ್ಕ ಹಾಕಿದೆವು. 2023-24ರಲ್ಲಿ ಮುಂಬಯಿ ಸಿಟಿ ಕಪ್ ಗೆದ್ದಿತ್ತು, ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿತ್ತು. ಹಾಗಾಗಿ ಮುಂಬಯಿ ಒಂದು, ಬೆಂಗಳೂರು ಎಂಟು ಎಂದೆವು.

ಆಟವನ್ನೇ ನೋಡದ ವ್ಯಾಪಾರಿಗಳು ಕಡೆಗೆ ಕೇಳಿದರು: "ಯಾರ ಹತ್ತಿರ ದುಡ್ಡು ಜಾಸ್ತಿ?" ಹುಡುಗರು ಮೋಹನ್ ಬಾಗಾನ್ ಎಂದರು. "ಹಾಗಾದರೆ ಅವರೇ. ಹರಾಜಿನಲ್ಲಿ ದುಡ್ಡಿದ್ದವನೇ ದಪ್ಪ ಕಾಯಿ ಎತ್ತುವುದು" ಎಂದು ಅವರು ಒಳಗೆ ಹೋದರು.

ಪಂದ್ಯ ಶುರುವಾಯಿತು. ಇಪ್ಪತ್ತೈದನೆಯ ನಿಮಿಷದಲ್ಲಿ ಬೆಂಗಳೂರಿನ ವಿನಿತ್ ವೆಂಕಟೇಶ್ ಎಂಬ ಹತ್ತೊಂಬತ್ತರ ಹುಡುಗ, ಆ ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು, ಗೋಲು ಹೊಡೆದ. ಅದೊಂದೇ ಗೋಲಿನಲ್ಲಿ ಬೆಂಗಳೂರು ಗೆದ್ದಿತು. ಆ ಸಂಭ್ರಮದ ನಡುವೆ ಪರದೆಯ ಮೇಲೆ ಪ್ರೇಕ್ಷಕರ ಸಾಲು ಕಾಣಿಸಿತು. ಯಾರೋ ಕನ್ನಡ ಅಕ್ಷರಗಳ ಬಟ್ಟೆ ಹಿಡಿದಿದ್ದರು. ಬೆಂಗಳೂರನ್ನು ಒಂದನೆಯ ಸ್ಥಾನದಲ್ಲಿಟ್ಟಿದ್ದ ಆ ಮೊಮ್ಮಗ, ಕನ್ನಡ ಮಾತಿನ ಮನೆಯ ಹುಡುಗ, ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಕೇಳಿದ: "ಇದರಲ್ಲಿ ಏನು ಬರೆದಿದೆ?"

ನಾವು ಕನ್ನಡಕ ಹುಡುಕುತ್ತಿದ್ದೆವು. ಅಷ್ಟರಲ್ಲಿ ಹಳದಿ ಅಂಗಿಯವನು ಓದಿ ಹೇಳಿದ: "ನಮ್ಮ ಬೆಂಗಳೂರು."

ಮೂಲೆಯಲ್ಲಿ ಕೂತಿದ್ದ ಅಜ್ಜಿ ತಲೆಯೆತ್ತಿದರು. "ನಮ್ಮ ಅಂತಲೇ ಬರೆದಿದೆಯಾ?" ಎಂದು ಕೇಳಿದರು. ಹೌದೆಂದ ಹುಡುಗ. ಮೊಮ್ಮಗ ಕ್ಯಾಲೆಂಡರಿನ ಹಾಳೆಯನ್ನೂ ಪೆನ್ನನ್ನೂ ತಂದು, "ಬರೆದು ತೋರಿಸು" ಎಂದ. ಪಟ್ಟಿಯ ಕೆಳಗೆ ನಮ್ಮ ಮಗ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟ. ತಾನು ಹದಿಮೂರನೆಯ ಸ್ಥಾನಕ್ಕೆ ತಳ್ಳಿದ್ದ ಊರಿನ ಹೆಸರನ್ನು ಒತ್ತಕ್ಷರ, ಕೊಂಬು, ಸೊನ್ನೆ ಯಾವುದೂ ತಪ್ಪದೆ ಬರೆದ. ನಮಗೆ ಆ ರಾತ್ರಿ ಬೇಗ ನಿದ್ದೆ ಬರಲಿಲ್ಲ.

ಮರುದಿನ ತಿರುವೋಣಂ. ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ಪಂಜಾಬಿನ ಎದುರು 1-2ರಿಂದ ಸೋತಿತು. ಮಗ ಮಂಕಾದ. ಈ ಸಲ ನಾವು ಅಂಗಿಯ ಸುದ್ದಿಗೆ ಹೋಗಲಿಲ್ಲ. "ಇನ್ನೂ ಇಪ್ಪತ್ತಮೂರು ಪಂದ್ಯ ಇದೆಯಲ್ಲ" ಎಂದೆವು. ಅವನಿಗೆ ಆಶ್ಚರ್ಯವಾಯಿತು.

ಸುಳ್ಳಾದ ಭವಿಷ್ಯಗಳು

ಅಧ್ಯಾಪಕರಾದ ಮೇಲೆ ಉತ್ತರ ಪತ್ರಿಕೆ ತಿದ್ದದೆ ಬಿಡಲಾಗದು. ಋತು ಮುಗಿದಾಗ ಆ ಹಾಳೆಯ ಫೋಟೋ ತರಿಸಿ ಅಂಕ ಹಾಕಿದೆವು. ಲೀಗಿನಲ್ಲಿ ಮೊದಲನೆಯದು ಮೋಹನ್ ಬಾಗಾನ್. ಬೆಂಗಳೂರು ಮೂರನೆಯದು. ನಾವು ಒಂದರಲ್ಲಿಟ್ಟ ಮುಂಬಯಿ ಆರನೆಯದು, ಬ್ಲಾಸ್ಟರ್ಸ್ ಎಂಟನೆಯದು, ಚೆನ್ನೈಯಿನ್ ಹನ್ನೊಂದನೆಯದು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲಿನಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರನ್ನು 2-1ರಿಂದ ಸೋಲಿಸಿ ಕಪ್ಪನ್ನೂ ಒಯ್ದಿತು. ಹಿಂದಿನ ವರ್ಷದ ಹತ್ತನೆಯವರು ಫೈನಲಿಗೆ ಬಂದರು. ನಲವತ್ತು ತುಂಬಿದ ಛೆಟ್ರಿ 14 ಗೋಲು ಹೊಡೆದರು. ಆ ಋತುವಿನಲ್ಲಿ ಭಾರತೀಯರಲ್ಲಿ ಅಷ್ಟು ಗೋಲು ಬೇರೆ ಯಾರದ್ದೂ ಇಲ್ಲ. ನಮ್ಮೆಲ್ಲರಲ್ಲಿ ಮೊದಲ ಸ್ಥಾನ ಸರಿಯಾಗಿ ಹೇಳಿದವರು ಚೆಂಡನ್ನೇ ನೋಡದ ಏಲಕ್ಕಿ ವ್ಯಾಪಾರಿ ಒಬ್ಬರೇ.

ಹಾಗಾದರೆ ದುಡ್ಡೇ ಭವಿಷ್ಯವೇ? ಅದೂ ಪೂರ್ತಿ ನಿಜವಲ್ಲ. ಇಂಗ್ಲೆಂಡಿನಲ್ಲಿ 2015-16ರಲ್ಲಿ ಲೆಸ್ಟರ್ ಸಿಟಿ ಗೆಲ್ಲುತ್ತದೆಂದು ಪಂದ್ಯ ಕಟ್ಟಿದವರಿಗೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆಂದು ಬಾಜಿ ಅಂಗಡಿಗಳು ಹೇಳಿದ್ದವು. ಗೆಲ್ಲುವುದಿಲ್ಲವೆಂಬ ಧೈರ್ಯ! ಹಿಂದಿನ ವರ್ಷ ಹದಿನಾಲ್ಕನೆಯದಾಗಿದ್ದ ಆ ತಂಡ ಗೆದ್ದೇಬಿಟ್ಟಿತು. ನಮ್ಮಲ್ಲಿ ನೋಡಿ. 2017-18ರಲ್ಲಿ ಸೂಪರ್ ಲೀಗಿಗೆ ಹೊಸದಾಗಿ ಬಂದ ಬೆಂಗಳೂರು ಎರಡನೆಯವರಿಗಿಂತ 8 ಅಂಕ ಮುಂದಿದ್ದು ಮೊದಲ ಸ್ಥಾನ ಪಡೆಯಿತು. ಫೈನಲು ತನ್ನದೇ ಮೈದಾನದಲ್ಲಿ. ಸೋಲುವುದೆಂತು ಎಂದರು ಎಲ್ಲರೂ. ಚೆನ್ನೈಯಿನ್ 3-2ರಿಂದ ಗೆದ್ದಿತು. ಮರುವರ್ಷ ಅದೇ ಬೆಂಗಳೂರು ಫೈನಲಿನ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ಹೊಡೆದ ಒಂದೇ ಗೋಲಿನಲ್ಲಿ ಗೋವಾವನ್ನು ಸೋಲಿಸಿತು. ಬ್ಲಾಸ್ಟರ್ಸ್ 2014, 2016 ಮತ್ತು 2021-22ರಲ್ಲಿ ಮೂರು ಸಲ ಫೈನಲಿಗೆ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದಿತು. ಆ ಮೂರನೆಯ ಸಲ ಅವರನ್ನು ಸೋಲಿಸಿದ ಹೈದರಾಬಾದ್ ಎರಡೇ ವರ್ಷದಲ್ಲಿ, 2023-24ರಲ್ಲಿ, 22 ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು.

ಇವೆಲ್ಲಕ್ಕಿಂತ ದೊಡ್ಡ ಪಾಠ 2025ರದು. ಯಾರು ಮೊದಲು, ಯಾರು ಕೊನೆ ಎಂದು ಎಲ್ಲರೂ ಲೆಕ್ಕ ಹಾಕುವವರೇ. ಋತುವೇ ಇರುವುದಿಲ್ಲ ಎಂದು ಎಣಿಸಿದವರು ಎಷ್ಟು ಜನ? ಫುಟ್‌ಬಾಲ್ ಫೆಡರೇಷನ್ನಿಗೂ ಲೀಗನ್ನು ನಡೆಸುತ್ತಿದ್ದ ಕಂಪನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ಯಾರೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಆರಂಭವಾಗಬೇಕಾದ ಆಟ ಆರಂಭವಾಗಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ಹಿರಿಯ ತಂಡದ ಸಂಬಳವನ್ನೇ ತಡೆಹಿಡಿಯುವುದಾಗಿ ಪ್ರಕಟಿಸಿತು. ಕಡೆಗೆ 2026ರ ಫೆಬ್ರವರಿ 14ರಂದು ಹದಿನಾಲ್ಕು ತಂಡಗಳ ಲೀಗು ಶುರುವಾಯಿತು, ತಲಾ 13 ಪಂದ್ಯಗಳ ಮೊಟಕು ಋತುವಾಗಿ. ಗೆಲ್ಲುವ ಕುದುರೆಯನ್ನು ಆರಿಸುತ್ತ ಕೂತವರು ಲಾಯವೇ ಬೀಳುತ್ತಿದ್ದುದನ್ನು ನೋಡಲಿಲ್ಲ.

ಹೇಳಬಹುದಾದದ್ದು

ಇಷ್ಟೆಲ್ಲ ನೋಡಿದ ಮೇಲೆ ಹೊಸ ಋತುವಿನ ಬಗ್ಗೆ ನಾವು ಏನು ಹೇಳಬಲ್ಲೆವು? ಹೆಸರು ಹೇಳಲಾರೆವು. ಲಕ್ಷಣ ಹೇಳಬಲ್ಲೆವು.

ಒಂದನೆಯದಾಗಿ, ಸಂಬಳ ತಡವಾಗಿ ಕೊಡುವ ತಂಡ ಅರ್ಧ ಋತುವಿನಲ್ಲಿ ಕುಸಿಯುತ್ತದೆ. ಹೈದರಾಬಾದಿಗೆ ಆದದ್ದು ಅದೇ. ಹಣದ ಮುಗ್ಗಟ್ಟಿನಿಂದ ಆಟಗಾರರು ನಡುವೆಯೇ ಬಿಟ್ಟು ಹೋದರು. ಎರಡನೆಯದಾಗಿ, ಪ್ರತಿ ವರ್ಷ ತರಬೇತುದಾರನನ್ನು ಬದಲಿಸುವ ತಂಡ ಒಂದೆರಡು ಪಂದ್ಯ ಚೆನ್ನಾಗಿ ಆಡೀತು, ಉದ್ದದ ಓಟದಲ್ಲಿ ನಿಲ್ಲದು. ನಮ್ಮ ಶಾಲೆಗಳಲ್ಲಿ ವರ್ಷಕ್ಕೆ ಮೂವರು ಗಣಿತ ಅಧ್ಯಾಪಕರು ಬದಲಾದರೆ ಫಲಿತಾಂಶ ಏನಾಗುತ್ತದೆಂದು ರಕ್ಷಕರಿಗೆ ಗೊತ್ತಲ್ಲ, ಹಾಗೆ. ಮೂರನೆಯದು ಮುಖ್ಯ. ಹದಿನಾರು, ಹದಿನೇಳರ ಹುಡುಗರನ್ನು ತನ್ನ ಅಂಗಳದಲ್ಲೇ ಬೆಳೆಸುವ ತಂಡ ಈ ವರ್ಷ ಸೋತರೂ ಮುಂದಿನ ವರ್ಷ ಎದ್ದೇಳುತ್ತದೆ. ಬೆಂಗಳೂರು ಹತ್ತರಿಂದ ಮೂರಕ್ಕೆ ಬಂದದ್ದು ಛೆಟ್ರಿಯವರಿಂದ ಹೌದು. ಆದರೆ ಮೊದಲ ಗೋಲು ಹತ್ತೊಂಬತ್ತರ ಹುಡುಗನದು.

ನಮ್ಮ ಜಿಲ್ಲೆಯನ್ನೇ ನೋಡಿ. ತೃಕ್ಕರಿಪುರದಂತಹ ಊರು ದೇಶಕ್ಕೆ ಆಟಗಾರರನ್ನು ಕೊಟ್ಟದ್ದು ದುಡ್ಡಿನಿಂದಲ್ಲ. ಗದ್ದೆ ಕೊಯ್ದ ಮೇಲೆ ಮಕ್ಕಳಿಗೆ ಆಡಲು ಬಯಲಿತ್ತು, ಮಲಬಾರಿನ ಸೆವೆನ್ಸ್ ಪಂದ್ಯಗಳಿದ್ದವು. ಆ ಊರಿನ ಮುಹಮ್ಮದ್ ರಫಿ 2016ರ ಡಿಸೆಂಬರ್ 18ರಂದು ಕೊಚ್ಚಿಯ ಫೈನಲಿನಲ್ಲಿ ತಲೆಯಿಂದ ಹೊಡೆದ ಗೋಲನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಪಂದ್ಯ ಪೆನಾಲ್ಟಿಯಲ್ಲಿ ಕೈಬಿಟ್ಟದ್ದು ಬೇರೆ ಮಾತು. ಮುಂದಿನ ರಫಿ ಎಲ್ಲಿಂದ ಬರುತ್ತಾನೆಂದು ತಿಳಿಯಬೇಕಾದರೆ ಪಟ್ಟಿ ನೋಡಬೇಡಿ, ಸಂಜೆ ಐದಕ್ಕೆ ಯಾವ ಬಯಲಿನಲ್ಲಿ ಮಕ್ಕಳಿದ್ದಾರೆ ನೋಡಿ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲಿಯೇ ಸೇರಿಸಬೇಕು. ಕ್ಯಾಲೆಂಡರಿನ ಬೆನ್ನಿನ ಮೇಲೆ ಭವಿಷ್ಯ ಬರೆಯುವುದು ಆಟ. ಅದರ ಮೇಲೆ ದುಡ್ಡು ಕಟ್ಟುವುದು ಆಟವಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ತಂಡ ಕಟ್ಟುವ ಆಟಕ್ಕೆ ಮೊದಲ ಸಂಬಳ ಸುರಿದು, ಆಮೇಲೆ ತಾಯಿಯ ಬಳೆ ಅಡವಿಟ್ಟ. "ಲೆಕ್ಕ ಹಾಕಿಯೇ ಕಟ್ಟಿದ್ದೆ ಸಾರ್" ಎಂದ. ಲೆಕ್ಕ ಕಲಿಸಿದವರಲ್ಲಿ ನಾವೂ ಇದ್ದೆವು, ತಲೆ ತಗ್ಗಿಸಿದೆವು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾನೂನು ಬಂದರೂ ಚಪಲ ಹೋಗುವುದಿಲ್ಲ. ಇಪ್ಪತ್ತೆರಡು ಮಂದಿ ಓಡುವ ಆಟದಲ್ಲಿ ಚೆಂಡು ಕಂಬಕ್ಕೆ ತಾಗಿ ಒಳಗೆ ಬೀಳುತ್ತದೋ ಹೊರಗೆ ಬೀಳುತ್ತದೋ ಎಂಬುದಕ್ಕೆ ಲೆಕ್ಕವಿಲ್ಲ. ಮಕ್ಕಳ ಮೊಬೈಲಿನಲ್ಲಿ ಇಂತಹದು ಇದೆಯೇ ಎಂದು ರಕ್ಷಕರು ನೋಡಬೇಕು. ಅಂಗಿಯ ಬಣ್ಣ ನೋಡುವುದಕ್ಕಿಂತ ಅದು ಅಗತ್ಯದ ಕೆಲಸ.

ತಂಡಕ್ಕೆ ಯಾವ ಮಾತೃಭಾಷೆ?

ಇನ್ನು ಆ ತಂದೆ ಕೇಳಿದ ಪ್ರಶ್ನೆ. ಹಳದಿ ಅಂಗಿ ತೊಟ್ಟವನು ನಾಳೆ ಯಾರವನು?

ಬೆಂಗಳೂರು ತಂಡ ಕನ್ನಡದವರ ತಂಡ ಎಂದು ಮಗನನ್ನು ಗದರಿಸಿದ್ದೆವಲ್ಲ, ಆ ಮಾತು ಎಷ್ಟು ಪೊಳ್ಳು ಎಂದು ಆಮೇಲೆ ಯೋಚಿಸಿದೆವು. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ನೇಪಾಳಿ ಮೂಲದ ಮನೆ. 2017ರ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲಿನ ಎರಡೂ ಗೋಲು ಹೊಡೆದು ಬೆಂಗಳೂರಿಗೆ ಕಪ್ ತಂದುಕೊಟ್ಟವರು ಸಿ.ಕೆ. ವಿನೀತ್, ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ಮಲಯಾಳಿ. ಹಿಂದಿನ ಮೈಸೂರು ತಂಡದ ಕಾಲಕ್ಕೆ ಹೋಗೋಣ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಲಸೂರು, ಗೌತಮಪುರ, ಆಸ್ಟಿನ್ ಟೌನುಗಳ ತಮಿಳು ಮನೆಮಾತಿನ ಎಷ್ಟೋ ಹುಡುಗರು ಆಡಿ ಮೈಸೂರಿಗೆ ಕೀರ್ತಿ ತಂದರು. ಮೈಸೂರು 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಆ ಆಟಗಾರರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರೆಂದು ಅಂದು ಯಾರೂ ಕೇಳಲಿಲ್ಲ.

ನಮ್ಮ ಮನೆಯಲ್ಲಿ ಅಂಗಿಯ ಜಗಳ ನಡೆದ ಮರುದಿನ, 2023ರ ಮಾರ್ಚ್ 4ರಂದು, ಸೌದಿಯ ರಿಯಾದಿನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮರಳಿ ತಂದರು. ಕನ್ನಡನಾಡಿನ ಅಭಿಮಾನದಿಂದ ಮಗನ ಅಂಗಿ ತೆಗೆಸಹೊರಟ ನಾವು ಆ ಸುದ್ದಿಯನ್ನು ಗಮನಿಸಿಯೂ ಇರಲಿಲ್ಲ. ಇದು ಎಂತಹ ಅಭಿಮಾನ ಎಂದು ಓದುಗರೇ ಹೇಳಲಿ.

ತಂಡಗಳಿಗೆ ಮಾತೃಭಾಷೆಯಿಲ್ಲ. ಅವುಗಳಿಗೆ ಊರಿದೆ, ಧಣಿಗಳಿದ್ದಾರೆ, ಅಭಿಮಾನಿಗಳಿದ್ದಾರೆ. ಹುಡುಗರು ಹತ್ತಿರದ ತಂಡವನ್ನೋ, ಗೆಳೆಯರು ಮೆಚ್ಚಿದ ತಂಡವನ್ನೋ ಹಿಡಿಯುತ್ತಾರೆ. ಕಣ್ಣೂರಿನ ತಂಡವೂ ಸೇರಿದ ಆರು ತಂಡಗಳ ಸೂಪರ್ ಲೀಗ್ ಕೇರಳ 2024ರಲ್ಲಿ ಆರಂಭವಾದ ಮೇಲೆ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ ಆಕರ್ಷಣೆ ಬಂದಿದೆ. ಮಲಯಾಳಂ ಬಲ್ಲ ಕನ್ನಡದ ಹುಡುಗ ನೆರೆಯವರೊಡನೆ ಕೂತು ಕೂಗಿದರೆ ಏನೂ ಕೆಡುವುದಿಲ್ಲ. ಭಾಷೆಯನ್ನು ತಂಡದ ಕೊರಳಿಗೆ ಕಟ್ಟಿದರೆ ಕೆಡುತ್ತದೆ. ಏಕೆಂದರೆ ತಂಡ ಸೋಲುತ್ತದೆ. ಗೆದ್ದರೂ ಮಗು ಇನ್ನೊಂದು ತಂಡದ ಕಡೆಯದಾದರೆ ಅದಕ್ಕೆ ಸೋಲೇ. ಆಗ ಅದು ಅಂಗಿಯನ್ನು ಬಿಡುವುದಿಲ್ಲ, ನಾವು ಅಂಗಿಗೆ ಎದುರಾಗಿ ನಿಲ್ಲಿಸಿದ ಭಾಷೆಯನ್ನು ಬಿಡುತ್ತದೆ. ನಮ್ಮ ಮನೆಯಲ್ಲಿ ಅದು ಆಗುವುದು ಕೂದಲೆಳೆಯಲ್ಲಿ ತಪ್ಪಿತು.

ಬೋಡಿಯ ಹುಡುಗನದು ಬೆಂಗಳೂರು ತಂಡ, ಮನೆಯಲ್ಲಿ ಕನ್ನಡ ಮಾತು, ಆದರೆ ಬಟ್ಟೆಯ ಮೇಲಿನ ಎರಡು ಪದ ಓದಲು ಬರಲಿಲ್ಲ. ನಮ್ಮ ಹುಡುಗನದು ಕೊಚ್ಚಿಯ ತಂಡ, ಆದರೆ ಓದಿ ಹೇಳಿದ, ಬರೆದೂ ಕೊಟ್ಟ. ವ್ಯತ್ಯಾಸವಾದದ್ದು ಒಂದನೆಯ ತರಗತಿಯ ಬೆಂಚಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಆ ಬೆಂಚು ಇಂದಿಗೂ ಇದೆ. ಬೋಡಿಯವರಿಗೆ ಅದು ಇರಲಿಲ್ಲ. ಇದ್ದದ್ದನ್ನು ಖಾಲಿ ಬಿಟ್ಟು, ಮಕ್ಕಳ ಅಂಗಿಯ ಬಣ್ಣಕ್ಕೆ ಕಳವಳಪಡುವುದು ನಮ್ಮ ಜಾಣತನವಲ್ಲ. ಹಳದಿ ಅಂಗಿಯ ಮಗನ ಬಗ್ಗೆ ಚಿಂತಿಸುವ ಕನ್ನಡದ ತಂದೆತಾಯಿಗಳಲ್ಲಿ ಎಷ್ಟು ಮಂದಿ ಕಿರಿಯ ಮಗಳನ್ನು ಕನ್ನಡದ ಒಂದನೆಯ ತರಗತಿಗೆ ಸೇರಿಸಿದ್ದಾರೆ? ಈ ಪ್ರಶ್ನೆಯನ್ನು ರಕ್ಷಕರ ಸಭೆಯಲ್ಲಿ ಕೇಳಲು ನಮಗೆ ಇದುವರೆಗೆ ಧೈರ್ಯ ಬಂದಿರಲಿಲ್ಲ. ಇಲ್ಲಿ ಕೇಳುತ್ತಿದ್ದೇವೆ.

ರಜೆಯಿಂದ ಮರಳಿದ ಮೇಲೆ ನಾವು ಒಂದನೆಯ ತರಗತಿಯ ಕನ್ನಡ ಪುಸ್ತಕವನ್ನೂ ಒಂದು ಕಾಪಿ ಪುಸ್ತಕವನ್ನೂ ಬೋಡಿಗೆ ಅಂಚೆಯಲ್ಲಿ ಕಳಿಸಿದೆವು. ಕಾಲೇಜು ಹುಡುಗನಿಗೆ ಅ ಆ ಇ ಈ ಕಳಿಸುವುದೇ ಎಂದು ನಮ್ಮ ಮನೆಯವರು ನಕ್ಕರು. ಮೂರು ತಿಂಗಳ ಮೇಲೆ ಒಂದು ಹಾಳೆಯ ಫೋಟೋ ಬಂತು. ಅವನ ಹೆಸರು, ಅಜ್ಜಿಯ ಹೆಸರು, ಕೆಳಗೆ "ನಮ ಬೆಂಗಳೂರು". ಮ-ಕಾರದ ಒತ್ತು ಬಿಟ್ಟುಹೋಗಿತ್ತು. ತಿದ್ದಿ ಕಳಿಸುವ ಕೆಲಸವನ್ನು ಮಗನೇ ವಹಿಸಿಕೊಂಡ. ಈಗ ಅವರಿಬ್ಬರೂ ಪಂದ್ಯದ ರಾತ್ರಿ ಜಗಳವಾಡುವುದು ಕನ್ನಡ ಅಕ್ಷರದಲ್ಲಿ.

ಹೊಸ ಋತುವಿಗೆ ಮುನ್ನ ಅವರಿಬ್ಬರಲ್ಲಿ ಮತ್ತೆ ಪಟ್ಟಿ ವಿನಿಮಯವಾಗುತ್ತದೆ. ನಮ್ಮನ್ನೂ ಕೇಳುತ್ತಾರೆ. ಈ ಸಲ ನಾವು ಲೆಕ್ಕ ಹಾಕುವುದಿಲ್ಲ. ಏಲಕ್ಕಿ ವ್ಯಾಪಾರಿಗಳನ್ನು ಕೇಳಿ ಎನ್ನುತ್ತೇವೆ.